ಕೊನೆಭಾಗದ ತಮ್ಮ, ಮೇಲ್ಭಾಗದ ಅಕ್ಕ: ತುಂಗಭದ್ರಾ ಎಡದಂಡೆಯ ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟ ಕುಟುಂಬದ ಒಪ್ಪಿಗೆಯಿಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಊರು, ವಯಸ್ಸು, ಜಮೀನಿನ ಅಳತೆ ಮೊದಲಾದ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

2024ರ ಜನವರಿಯಲ್ಲಿ ರಾಯಚೂರು ಜಿಲ್ಲೆಯ ಸಿರವಾರ ಕಡೆಯ ರೈತರೊಬ್ಬರನ್ನು ಅವರ ಪತ್ನಿ ಆಪ್ತಸಲಹೆಗೆ ಕರೆತಂದರು. ತಿಂಗಳುಗಳಿಂದ ಸರಿಯಾಗಿ ನಿದ್ದೆಯಿಲ್ಲ, ಊಟ ಅರ್ಧಕ್ಕೇ ಬಿಟ್ಟು ಏಳುತ್ತಾರೆ, ಮಕ್ಕಳ ಮೇಲೆ ರೇಗುತ್ತಾರೆ ಎಂಬುದು ಆಕೆಯ ದೂರಾಗಿತ್ತು. ಇವೆಲ್ಲಕ್ಕಿಂತ ಆಕೆಯನ್ನು ಹೆದರಿಸಿದ್ದು ಇನ್ನೊಂದು ಸಂಗತಿ. ಕಾಲುವೆಗೆ ನೀರು ನಿಲ್ಲಿಸಿ ವಾರಗಳಾದ ಮೇಲೂ ಅವರು ನಡುರಾತ್ರಿ ಎದ್ದು, ಬ್ಯಾಟರಿ ಹಿಡಿದು ಉಪಕಾಲುವೆಯ ತೂಬಿನವರೆಗೆ ಹೋಗಿ, ಒಣಗಿದ ತಳಕ್ಕೆ ಬೆಳಕು ಬಿಟ್ಟು ನೋಡಿಕೊಂಡು ಬರುತ್ತಿದ್ದರು. "ನೀರಿಲ್ಲ ಅಂತ ಗೊತ್ತೈತ್ರಿ ಅವರಿಗೆ. ಆದ್ರೂ ಹೋಗತಾರ" ಎಂದರು ಆಕೆ.

ಅವರ ಸ್ವಂತ ಜಮೀನು ನಾಲ್ಕು ಎಕರೆ. ಅದರ ಜೊತೆಗೆ ಆರು ಎಕರೆಯನ್ನು ಲೀಜಿಗೆ ಹಿಡಿದು 2023ರ ಮುಂಗಾರಿನಲ್ಲಿ ಭತ್ತ ಹಚ್ಚಿದ್ದರು. ಆ ವರ್ಷ ಮಳೆ ಕೈಕೊಟ್ಟು ತುಂಗಭದ್ರಾ ಜಲಾಶಯ ತುಂಬಲಿಲ್ಲ; ಸೆಪ್ಟೆಂಬರಿನಲ್ಲಿ ಸರ್ಕಾರ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ತೆನೆ ಕಟ್ಟುವ ಹೊತ್ತಿಗೆ ಕಾಲುವೆಯ ಕೊನೆಭಾಗದಲ್ಲಿರುವ ಇವರ ಹೊಲಕ್ಕೆ ನೀರು ಮುಟ್ಟಲಿಲ್ಲ, ಎರಡನೇ ಬೆಳೆಗೆ ನೀರೇ ಇರಲಿಲ್ಲ. ಗೊಬ್ಬರದ ಅಂಗಡಿಯ ಉದ್ರಿ, ಸೊಸೈಟಿ ಸಾಲ, ಪತ್ನಿಯ ಬಂಗಾರ ಒತ್ತೆಯಿಟ್ಟು ತಂದ ಹಣ, ಲೀಜಿನ ಬಾಕಿ, ಎಲ್ಲವೂ ಒಟ್ಟಿಗೆ ಮೇಲೆ ಬಿದ್ದವು.

ಆದರೆ ಅವರು ನನ್ನೆದುರು ಮೊದಲು ಬಾಯಿಬಿಟ್ಟದ್ದು ಸಾಲದ ಬಗ್ಗೆ ಅಲ್ಲ, ಅಕ್ಕನ ಬಗ್ಗೆ. ಅಕ್ಕನನ್ನು ಕೊಟ್ಟಿರುವುದು ಕಾರಟಗಿ ಕಡೆಗೆ, ಅಂದರೆ ಅದೇ ಎಡದಂಡೆ ಕಾಲುವೆಯ ಮೇಲ್ಭಾಗಕ್ಕೆ. ಅಲ್ಲಿ ಆ ಬರದ ವರ್ಷವೂ ಭತ್ತ ಕೊಯ್ಲಿಗೆ ಬಂದಿತ್ತು. ಅಕ್ಕನ ಮಗಳ ನಿಶ್ಚಯದ ಮನೆಯಲ್ಲಿ, ಹತ್ತು ಜನ ಬೀಗರ ಎದುರಿಗೆ, ಇವರು ಅಕ್ಕನ ಗಂಡನಿಗೆ "ಮಾವ, ನಮ್ಮ ನೀರು ಮಾರಿ ಮದುವಿ ಮಾಡಾಕತ್ತೀರಿ" ಎಂದುಬಿಟ್ಟಿದ್ದರು. ಅಂದಿನಿಂದ ಎರಡೂ ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು. ಮದುವೆಗೂ ಇವರು ಹೋಗಲಿಲ್ಲ.

ಈ ಮಾತಿನ ಹಿಂದಿರುವ ಕಾಲುವೆಯ ಕತೆಯನ್ನು ಅರಿಯದೆ ಈ ಮನಸ್ಸನ್ನು ಅರಿಯಲಾಗದು. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ 227 ಕಿ.ಮೀ. ಹರಿಯುತ್ತದೆ. ಬರಗಾಲದ ಸೀಮೆಯ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಕಡಲೆಯಂಥ ಬೆಳೆಗಳನ್ನು ಕಾಪಾಡುವುದು ಯೋಜನೆಯ ಮೂಲ ಉದ್ದೇಶವಾಗಿದ್ದು, ಯಾವ ಸರ್ವೆ ನಂಬರಿಗೆ ಯಾವ ಹಂಗಾಮಿನಲ್ಲಿ ಯಾವ ಬೆಳೆಗೆ ನೀರು ಎಂಬುದು ಕಾಗದದಲ್ಲಿ ನಿಗದಿಯಾಗಿದೆ. ಭತ್ತಕ್ಕೆಂದು ಗುರುತಿಸಿದ ಪ್ರದೇಶ ಅದರಲ್ಲಿ ಸಣ್ಣ ಪಾಲು ಮಾತ್ರ. ನೀರು ಮೊದಲು ಮುಟ್ಟುವ ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆಲ್ಲ ಕೊನೆಭಾಗದ ಪಾಲು ಕರಗುತ್ತ ಬಂತು. ಜಲಾಶಯಕ್ಕೆ ಹೂಳು ತುಂಬಿ, 133 ಟಿಎಂಸಿ ಅಡಿಯಿದ್ದ ಸಾಮರ್ಥ್ಯ ಸುಮಾರು 105 ಟಿಎಂಸಿಗೆ ಇಳಿದಿದೆ. ಈ ನಷ್ಟ ತುಂಬಲು ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದೇ ಇದೆ. ಯಾವಾಗ, ಎಷ್ಟು ದಿನ, ಎಷ್ಟು ಕ್ಯುಸೆಕ್ ನೀರು ಬಿಡಬೇಕೆಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಆ ಅಂಕಿ 69ನೇ ಮೈಲಿನ ಗೇಜಿಗೆ (ಕಾಲುವೆಯ ನೀರು ಅಳೆಯುವ ಜಾಗಕ್ಕೆ) ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ ಎಂಬುದೇ ಸಿರವಾರ, ಮಾನ್ವಿ ಕಡೆಯ ರೈತರ ಪ್ರತಿವರ್ಷದ ಜಗಳ.

ಹೀಗಾಗಿ ಇವರ ಸಿಟ್ಟಿಗೆ ಕಾರಣವಿದೆ ಎಂದು ನಾನು ಮೊದಲೇ ಹೇಳಿದೆ. ನ್ಯಾಯವಾದ ಕೋಪವನ್ನು ಕಾಯಿಲೆಯೆಂದು ಕರೆದು, ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವ ಆಪ್ತಸಲಹೆಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ನಿದ್ದೆಗೆಟ್ಟು ಒಣ ಕಾಲುವೆ ಕಾಯುವುದು ಕೋಪವಲ್ಲ. ಅದಕ್ಕೆ ಚಿಕಿತ್ಸೆ ಬೇಕು. ಎರಡನ್ನೂ ಬೇರೆ ಮಾಡಿ ನೋಡುವುದೇ ಈ ಪ್ರಕರಣದ ಕೆಲಸವಾಗಿತ್ತು.

ಮೊದಲ ಭೇಟಿಯಲ್ಲೇ, ಪತ್ನಿಯನ್ನು ಹೊರಗೆ ಕೂರಿಸಿ, ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಅನೇಕರಿಗಿದೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, "ಬಂದೈತ್ರಿ, ಮಕ್ಕಳ ಮುಖ ನೋಡಿ ಬಿಟ್ಟೀನಿ" ಎಂದರು. ಆ ದಿನವೇ ಮೂರು ವಿಷಯ ಒಪ್ಪಂದವಾಯಿತು: ಬೆಳೆಗೆ ಹೊಡೆಯುವ ಔಷಧಿ ಯಾವುದೂ ಮನೆಯಲ್ಲಿಯಾಗಲಿ ಹೊಲದ ಗುಡಿಸಲಿನಲ್ಲಿಯಾಗಲಿ ಇರಕೂಡದು, ಅದನ್ನು ಅವರ ಸೋದರಮಾವನ ಮನೆಯಲ್ಲಿ ಬೀಗ ಹಾಕಿ ಇಡಬೇಕು; ರಾತ್ರಿ ಯೋಚನೆ ಮುತ್ತಿದರೆ ಪತ್ನಿಯನ್ನು ಎಬ್ಬಿಸಬೇಕು, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು; ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಮನೋವೈದ್ಯರನ್ನು ಕಾಣಬೇಕು. ವೈದ್ಯರು ಖಿನ್ನತೆಯೆಂದು ಗುರುತಿಸಿ ಔಷಧ ಕೊಟ್ಟರು. ನಿದ್ದೆ ಮರಳಿದ ಮೇಲೆಯೇ ಉಳಿದ ಮಾತು ಸಾಧ್ಯವಾಯಿತು.

ಸಾಲದ ವಿಷಯಕ್ಕೆ ಬಂದಾಗ, ಗೊಬ್ಬರದ ಅಂಗಡಿಯ ಉದ್ರಿ ಎಷ್ಟೆಂಬುದು ಪತ್ನಿಗೆ ತಿಳಿದೇ ಇರಲಿಲ್ಲ. ಇಬ್ಬರೂ ಕೂತು ಒಂದೇ ಹಾಳೆಯಲ್ಲಿ ಎಲ್ಲ ಸಾಲ, ಬಡ್ಡಿ, ಗಡುವು ಬರೆಯಬೇಕೆಂದು ಹೇಳಿದೆ. ಬರಪೀಡಿತವೆಂದು ಘೋಷಿತವಾದ ತಾಲ್ಲೂಕಿನಲ್ಲಿ ಬೆಳೆಸಾಲವನ್ನು ಮಧ್ಯಮಾವಧಿ ಸಾಲವಾಗಿ ಪರಿವರ್ತಿಸಿಕೊಳ್ಳಲು ಅವಕಾಶವಿರುವುದರಿಂದ, ಸೊಸೈಟಿಗೆ ಬಾಯಿಮಾತಿನಲ್ಲಿ ಕೇಳದೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲು ಸೂಚಿಸಿದೆ. ಬೆಳೆಹಾನಿ ಪರಿಹಾರದ ದರ ಆಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ ಇತ್ತು. ಅದೂ ಎರಡು ಹೆಕ್ಟೇರ್ ಮಿತಿಗೆ. ಇಲ್ಲಿ ಒಂದು ತೊಡಕಿತ್ತು. ನಮ್ಮಲ್ಲಿ ಕೃಷಿಭೂಮಿಯ ಲೀಜಿಗೆ ಕಾನೂನಿನ ಒಪ್ಪಿಗೆಯಿಲ್ಲ, ಒಪ್ಪಂದವೆಲ್ಲ ಬಾಯಿಮಾತಿನದು. ಪರಿಹಾರದ ಹಣ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ, ನಷ್ಟ ಮಾತ್ರ ಉತ್ತಿದವರಿಗೆ. ಆದ್ದರಿಂದ ಜಮೀನಿನ ಮಾಲೀಕರ ಬಳಿ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ, ಬರುವ ಪರಿಹಾರವನ್ನು ಲೀಜಿನ ಬಾಕಿಯಲ್ಲಿ ಮುರಿದುಕೊಳ್ಳುವಂತೆ ಮೊದಲೇ ಮಾತಾಡಿಡಲು ಹೇಳಿದೆ. ಮಾಲೀಕರು ಒಪ್ಪಿದರು. ಎಲ್ಲರೂ ಒಪ್ಪುವುದಿಲ್ಲ ಎಂಬುದೂ ಅನುಭವದ ಮಾತೇ.

ಅಕ್ಕನ ಮನೆಯ ವಿಚಾರ ಇಷ್ಟು ಸರಳವಾಗಿರಲಿಲ್ಲ. ಬೇಸಿಗೆಯಲ್ಲಿ ಅಕ್ಕನ ಗಂಡನೂ ಒಮ್ಮೆ ಬಂದು ಮಾತಾಡಲು ಒಪ್ಪಿದರು. ತಾನು ಕಳ್ಳನಲ್ಲ ಎಂದು ಹೇಳಲೆಂದೇ ಬಂದವರು ಅವರು. ಹೇಳಿದ್ದು ಹೀಗೆ: "ನಮ್ಮ ಹೊಲ ಜವಳು ಹಿಡಿದು ಎಷ್ಟೋ ವರ್ಷ ಆತ್ರಿ. ಜೋಳ ಬಿತ್ತಿದ್ರ ಬೇರು ಕೊಳಿತೈತಿ. ಭತ್ತ ಬಿಟ್ರ ನಮಗ ಏನೂ ಬರಂಗಿಲ್ಲ." ಇದು ನೆಪವಲ್ಲ. ದಶಕಗಳ ಕಾಲ ನೀರು ನಿಲ್ಲಿಸಿ ಬೆಳೆದ ಮೇಲ್ಭಾಗದ ಭೂಮಿಯಲ್ಲಿ ಸವಳು-ಜವಳು, ಅಂದರೆ ಮಣ್ಣಿಗೆ ಉಪ್ಪು ಹತ್ತುವುದು ಮತ್ತು ನೀರು ಬಸಿಯದೆ ನಿಲ್ಲುವುದು, ನಿಜವಾದ ಸಮಸ್ಯೆ. ಬಸಿಗಾಲುವೆಯಿಲ್ಲದ ಅಂಥ ಹೊಲದಲ್ಲಿ ಬೆಳೆ ಬದಲಿಸುವುದು ಒಬ್ಬ ರೈತನ ಕೈಯಲ್ಲಿಲ್ಲ. ಒಬ್ಬರಿಗೆ ನೀರು ಬಾರದೆ ಭತ್ತ ಒಣಗುತ್ತದೆ, ಇನ್ನೊಬ್ಬರಿಗೆ ನೀರು ಹೆಚ್ಚಾಗಿ ಭತ್ತವಲ್ಲದೆ ಬೇರೇನೂ ಬೆಳೆಯದು. ಆದರೂ ಮಾವನ ಪಾಲಿನ ಹೊಣೆ ಇದರಿಂದ ಪೂರ್ತಿ ಕಳೆಯುವುದಿಲ್ಲ ಎಂದು ನಾನು ಅವರೆದುರೇ ಹೇಳಿದೆ: ಸರದಿಯಿಲ್ಲದ ದಿನ ಕಾಲುವೆಗೆ ಪಂಪ್‌ಸೆಟ್ ಇಡುವುದನ್ನು ಜವಳು ಸಮರ್ಥಿಸಲಾರದು. ಅವರು ಅದಕ್ಕೆ ಉತ್ತರ ಕೊಡಲಿಲ್ಲ.

ಇಬ್ಬರಿಗೂ ಕೊಟ್ಟ ಸಲಹೆ ಇಷ್ಟೇ. ನೀರಿನ ವಿಷಯವನ್ನು ಮದುವೆ, ಹಬ್ಬ, ಸಾವಿನ ಮನೆಗಳಲ್ಲಿ ಎತ್ತಬಾರದು; ಎತ್ತಲೇಬೇಕಾದರೆ ಇಬ್ಬರೇ ಕೂತು, ಹೆಂಗಸರನ್ನು ನಡುವೆ ದೂತರನ್ನಾಗಿ ಮಾಡದೆ ಎತ್ತಬೇಕು. ಅಕ್ಕ-ತಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಬೇಕು, ಮಾತಿಗೆ ವಿಷಯವಿಲ್ಲದಿದ್ದರೂ ಸರಿ. ನಿಶ್ಚಯದ ಮನೆಯಲ್ಲಿ ಆಡಿದ ಮಾತಿಗೆ ತಮ್ಮನು ಅಕ್ಕನ ಮಗಳ ಬಳಿ ಕ್ಷಮೆ ಕೇಳಬೇಕು, ಏಕೆಂದರೆ ಆ ಹುಡುಗಿಗೂ ಕಾಲುವೆಗೂ ಸಂಬಂಧವಿರಲಿಲ್ಲ. ನೀರಿಗಾಗಿ ಹೋರಾಡುವುದನ್ನು ಬಿಡಿ ಎಂದು ನಾನು ಹೇಳಲಿಲ್ಲ. ರಾತ್ರಿ ಒಬ್ಬರೇ ತೂಬಿಗೆ ಹೋಗುವುದನ್ನು ಬಿಟ್ಟು, ನೀರು ಬಳಕೆದಾರರ ಸಹಕಾರ ಸಂಘದವರೊಂದಿಗೆ ಹಗಲಿನಲ್ಲಿ ಗೇಜಿಗೆ ಹೋಗಿ, ದಿನಾಂಕ ಸಮೇತ ಫೋಟೊ ತೆಗೆದು ಎಂಜಿನಿಯರರಿಗೆ ಲಿಖಿತವಾಗಿ ಕೊಡಿ ಎಂದೆ. ಒಬ್ಬರೇ ಹೋದಾಗ ಮನಸ್ಸು ಕಾಣುವುದು ಒಣ ತಳವನ್ನು ಮಾತ್ರ. ಹತ್ತು ಜನ ಹೋದರೆ ಅದು ಅಹವಾಲಾಗುತ್ತದೆ.

ಆ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ದೊಡ್ಡ ಹಬ್ಬ ನಾಗರ ಪಂಚಮಿ. 2024ರಲ್ಲಿ ಅದು ಆಗಸ್ಟ್ 9ಕ್ಕೆ ಬಂತು, ಅಕ್ಕ ಬಂದರು. ಮರುದಿನ ರಾತ್ರಿಯೇ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ನೀರನ್ನು ಹೊಳೆಗೆ ಬಿಡಬೇಕಾಯಿತು. ಬೆಳಗ್ಗೆ ಇವರು ನನಗೆ ಫೋನು ಮಾಡಿದಾಗ ದನಿ ಮತ್ತೆ ಜನವರಿಯ ದನಿಯಾಗಿತ್ತು. ಎರಡು ವಿಷಯ ಹೇಳಿದೆ: ಮಾತ್ರೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ನಾಟಿಯ ಬಗ್ಗೆಯಾಗಲಿ ಲೀಜಿನ ಬಗ್ಗೆಯಾಗಲಿ ಸಲಹಾ ಸಮಿತಿಯ ತೀರ್ಮಾನ ಹೊರಬೀಳುವವರೆಗೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ. ಆಗ ಕಾರಟಗಿಯಲ್ಲಿ ಮಾವನೂ ಅದೇ ಆತಂಕದಲ್ಲಿದ್ದರು, ಅಕ್ಕ ತವರಿನಲ್ಲಿ ಕೂತು ಎರಡೂ ಕಡೆಗೆ ಧೈರ್ಯ ಹೇಳುತ್ತಿದ್ದರು. ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ಒಳಹರಿವು ಬಂದು ಜಲಾಶಯ ಮತ್ತೆ ತುಂಬತೊಡಗಿತು.

ಆ ಹಂಗಾಮಿನಲ್ಲಿ ಅವರು ಲೀಜಿನ ಆರು ಎಕರೆಯನ್ನು ಬಿಟ್ಟುಕೊಟ್ಟು, ಸ್ವಂತ ನಾಲ್ಕು ಎಕರೆಯ ಪೈಕಿ ಒಂದರಲ್ಲಿ ಮಾತ್ರ ಭತ್ತ ಹಚ್ಚಿ, ಉಳಿದದ್ದಕ್ಕೆ ಹತ್ತಿ ಹಾಕಿದರು. ಮಾವನ ಮನೆಯೊಂದಿಗೆ ಹೋಗಿಬರುವುದಿದೆ. ಪಂಪ್‌ಸೆಟ್ಟಿನ ಮಾತನ್ನು ಇನ್ನೂ ಆಡಿಲ್ಲವಂತೆ, ಆಡಲು ಬೇಸಿಗೆಯ ನೀರಿನ ಸರದಿ ತೀರ್ಮಾನವಾಗುವುದನ್ನು ಕಾಯುತ್ತಿದ್ದೇನೆ ಎಂದರು. ಮನೋವೈದ್ಯರ ಸಲಹೆಯಂತೆ ಮಾತ್ರೆ ಮುಂದುವರಿದಿದೆ.