ಬ್ಲೆಂಡರ್‌ಗೆ ಆರ್‌ಟಿಎಕ್ಸ್ 3060 12 ಜಿಬಿನಾ, 4060 8 ಜಿಬಿನಾ?

ಬಿ450 ಮದರ್‌ಬೋರ್ಡ್ ಇದೆ, ಬ್ಲೆಂಡರ್ (3ಡಿ ಚಿತ್ರ, ಅನಿಮೇಶನ್ ಮಾಡುವ ಸಾಫ್ಟ್‌ವೇರ್) ಕೆಲಸ ಜಾಸ್ತಿ, ಬಿಡುವಿದ್ದಾಗ 1080ಪಿ ಗೇಮ್, ಎನ್‌ವಿಡಿಯಾದ ಈ ಎರಡರಲ್ಲಿ ಯಾವ ಗ್ರಾಫಿಕ್ಸ್ ಕಾರ್ಡ್ ಅಂತ ಕೇಳಿದ್ದೀರಿ. 3060 ತಗೊಳ್ಳಿ.

ಬರೀ ಗೇಮ್ ಆಗಿದ್ದರೆ 4060 ಅನ್ನುತ್ತಿದ್ದೆ. ಅದರಲ್ಲಿ ಸಿಯುಡಿಎ (CUDA) ಕೋರ್, ಅಂದರೆ ಲೆಕ್ಕ ಮಾಡುವ ಘಟಕ, 3072, 3060ರಲ್ಲಿ 3584, ಆದರೂ ಕ್ಲಾಕ್ ವೇಗ ಜಾಸ್ತಿ, ಎಲ್2 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) 3 ಎಂಬಿ ಬದಲು 24 ಎಂಬಿ ಇರುವುದರಿಂದ 1080ಪಿಯಲ್ಲಿ ಸುಮಾರು ಶೇ 20ರಷ್ಟು ಮುಂದಿದೆ. ಕರೆಂಟೂ ಕಮ್ಮಿ, 170 ವ್ಯಾಟ್ ಬದಲು 115.

ನಿಮಗೆ ಕೈಕೊಡುವುದು 4060 ಕಾರ್ಡಿನ ಮೆಮೊರಿ. 4ಕೆ ಟೆಕ್ಸ್ಚರ್ (ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರ) ಒಂದು ಡಿಸ್ಕ್‌ನಲ್ಲಿ ಜೆಪೆಗ್ ಆಗಿ ಕೆಲವೇ ಎಂಬಿ ಇರುತ್ತದೆ, ರೆಂಡರ್‌ಗೆ (ಸೀನ್ ಅನ್ನು ಅಂತಿಮ ಚಿತ್ರವಾಗಿಸಲು) ಬಿಚ್ಚಿಕೊಂಡಾಗ ಅದೇ 64 ಎಂಬಿ ತಿನ್ನುತ್ತದೆ. ಪ್ರತಿ ವಸ್ತುವಿಗೆ ಬಣ್ಣಕ್ಕೊಂದು, ಉಬ್ಬುತಗ್ಗು ತೋರಿಸುವ ನಾರ್ಮಲ್‌ಗೊಂದು ಹಾಕುತ್ತೀರಿ ಅಲ್ವಾ, ಅಂಥ 40 ವಸ್ತು ಇಟ್ಟರೆ 5 ಜಿಬಿ ಅಲ್ಲೇ ಹೋಯಿತು, ಇನ್ನು ಜಿಯೊಮೆಟ್ರಿ (ವಸ್ತುಗಳ ಆಕಾರ), ಡಿನಾಯ್ಸರ್ (ಚಿತ್ರದ ಚುಕ್ಕೆ ಅಳಿಸುವುದು), ವಿಂಡೋಸ್ ಎಲ್ಲಕ್ಕೂ ಜಾಗ ಬೇಕು. ಸೀನ್ 8 ಜಿಬಿಯೊಳಗೆ ಕೂತರೆ 4060ಯೇ ಬೇಗ ರೆಂಡರ್ ಮಾಡುತ್ತದೆ, ನಿಜ. ಮೀರಿದರೆ ತೆವಳುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಜೊತೆಗೆ 4060 ಬಳಸುವುದು ಪಿಸಿಐಇಯ (ಕಾರ್ಡ್ ಮತ್ತು ಬೋರ್ಡ್ ನಡುವಿನ ದಾರಿ) 8 ಲೇನ್ ಮಾತ್ರ, ನಿಮ್ಮ ಬೋರ್ಡ್ ಹಳೆಯ ಪಿಸಿಐಇ 3.0, ಹಾಗಾಗಿ ರ‍್ಯಾಮ್‌ನಿಂದ ಡೇಟಾ ಎಳೆಯುವಾಗ ಇನ್ನೂ ನಿಧಾನ.

ಕೊಳ್ಳುವಾಗ ಡಬ್ಬಿ ನೋಡಿ. 3060ರಲ್ಲೇ 8 ಜಿಬಿ, ಮೆಮೊರಿ ದಾರಿಯ ಅಗಲ 128 ಬಿಟ್ ಇರುವುದೂ ಇದೆ, ಅದು ಬೇಡ. 12 ಜಿಬಿ, 192 ಬಿಟ್ ಅಂತ ಇದ್ದರೆ ಮಾತ್ರ ತಗೊಳ್ಳಿ.