ಓವರ್‌ಕ್ಲಾಕ್ ಮಾಡಬಲ್ಲ ಗೇಮಿಂಗ್ ಪಿಸಿ: ಹಣ ಎಲ್ಲಿ ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಮಾನಿಟರ್ ಹೊರತುಪಡಿಸಿ 1,10,000 ರೂಪಾಯಿಯೊಳಗೆ ಗೇಮಿಂಗ್ ಪಿಸಿಯೊಂದನ್ನು ಅಸೆಂಬಲ್ ಮಾಡಿಸಬೇಕೆಂದಿದ್ದೇನೆ. ಓವರ್‌ಕ್ಲಾಕ್ ಮಾಡುವ, ಅಂದರೆ ಚಿಪ್ಪನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಆಸೆಯೂ ಇದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಇಂಟೆಲ್‌ನ ‘ಕೆ’ ಪ್ರೊಸೆಸರ್, ‘ಝಡ್’ ಸರಣಿಯ ಮದರ್‌ಬೋರ್ಡ್, ದೊಡ್ಡ ಲಿಕ್ವಿಡ್ ಕೂಲರ್ ಸೇರಿಸಿ ಕೊಟೇಶನ್ ಕೊಟ್ಟಿದ್ದಾರೆ. ಅದರ ಪ್ರಕಾರ ಗ್ರಾಫಿಕ್ಸ್ ಕಾರ್ಡ್‌ಗೆ ಉಳಿಯುವುದು 25,000 ರೂಪಾಯಿ ಮಾತ್ರ. ಮಾನಿಟರ್ 1440 ಪಿ ರೆಸಲ್ಯೂಷನ್ನಿನದು. ಈ ಆಯ್ಕೆ ಸರಿಯೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಸರಿಯಲ್ಲ ಎಂದೇ ಹೇಳಬೇಕಾಗುತ್ತದೆ. ಅಂಗಡಿಯವರು ನಿಮ್ಮನ್ನು ಏಮಾರಿಸಿದ್ದಾರೆ ಎಂದಲ್ಲ. ಇಂಟೆಲ್‌ನಲ್ಲಿ ಪ್ರೊಸೆಸರಿನ ಮಲ್ಟಿಪ್ಲೈಯರ್ (ಅದರ ವೇಗವನ್ನು ನಿರ್ಧರಿಸುವ ಗುಣಕ) ಏರಿಸಬೇಕಾದರೆ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್ ಮತ್ತು ‘ಝಡ್’ ಸರಣಿಯ ಚಿಪ್‌ಸೆಟ್ (ಮದರ್‌ಬೋರ್ಡಿನ ನಿಯಂತ್ರಕ ಚಿಪ್ಪು) ಎರಡೂ ಬೇಕು. ನೀವು ಓವರ್‌ಕ್ಲಾಕ್ ಎಂಬ ಮಾತೆತ್ತಿದ್ದರಿಂದ ಅವರು ಅದನ್ನೇ ಬರೆದುಕೊಟ್ಟಿದ್ದಾರೆ. ಆದರೆ 1440 ಪಿ ಮಾನಿಟರಿನಲ್ಲಿ ಆಟ ಎಷ್ಟು ಸರಾಗವಾಗಿ ಓಡುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಗ್ರಾಫಿಕ್ಸ್ ಕಾರ್ಡ್. ಅದಕ್ಕೆ ಕಾಲು ಭಾಗಕ್ಕಿಂತಲೂ ಕಡಿಮೆ ಹಣ ಉಳಿಸಿ, ಉಳಿದದ್ದನ್ನೆಲ್ಲ ಓವರ್‌ಕ್ಲಾಕಿಂಗ್ ಎಂಬ ಒಂದೇ ಸೌಲಭ್ಯಕ್ಕಾಗಿ ಸುರಿಯುವುದು ನನಗೆ ಒಪ್ಪಿಗೆಯಾಗದ ಲೆಕ್ಕ.

ಓವರ್‌ಕ್ಲಾಕಿಂಗ್‌ನಿಂದ ಪುಕ್ಕಟೆ ವೇಗ ಸಿಗುತ್ತಿದ್ದ ಕಾಲವೊಂದಿತ್ತು. 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಪ್ರೊಸೆಸರಿಗೆ 66 ಮೆಗಾಹರ್ಟ್ಸ್ ಬಸ್‌ನ (ಮದರ್‌ಬೋರ್ಡಿನೊಂದಿಗಿನ ಸಂಪರ್ಕ ಮಾರ್ಗದ ವೇಗ) ಬದಲು 100 ಮೆಗಾಹರ್ಟ್ಸ್ ಕೊಟ್ಟರೆ, 300ರಲ್ಲಿ ಓಡಬೇಕಾದದ್ದು ಬಹಳಷ್ಟು ಸಲ 450ರಲ್ಲಿ ತೊಂದರೆಯಿಲ್ಲದೆ ಓಡುತ್ತಿತ್ತು. ಅಂದರೆ ಅಗ್ಗದ ಚಿಪ್ಪಿನಿಂದ ಒಂದೂವರೆ ಪಟ್ಟು ಕೆಲಸ. ಈಗಿನ ಪ್ರೊಸೆಸರುಗಳಲ್ಲಿ ಆ ಉಳಿಕೆಯನ್ನು ತಯಾರಕರೇ ಬಳಸಿಕೊಂಡಿರುತ್ತಾರೆ. ಎಎಂಡಿಯ ರೈಜನ್ 5 7600ರ ಮೂಲ ವೇಗ 3.8 ಗಿಗಾಹರ್ಟ್ಸ್ ಆದರೂ ತಾಪ, ವಿದ್ಯುತ್ತು ಅನುಮತಿಸಿದರೆ ಅದು ತಾನೇ 5.1ರವರೆಗೆ ಏರುತ್ತದೆ. ಅದರ ಮೇಲೆ ನೀವು ಕೈಯಾರೆ ಎಳೆದು ತೆಗೆಯಬಹುದಾದದ್ದು ಆಟಗಳಲ್ಲಿ ಕೆಲವೇ ಶೇಕಡಾ. ಆ ಕೆಲವು ಶೇಕಡಾಕ್ಕಾಗಿ ದುಬಾರಿ ಮದರ್‌ಬೋರ್ಡ್, ದುಬಾರಿ ಕೂಲರ್ ಕೊಳ್ಳುವುದಕ್ಕಿಂತ ಅದೇ ಹಣದಲ್ಲಿ ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡ್ ಕೊಂಡರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹಾಗೆಂದು ನಿಮ್ಮ ಆಸೆಯನ್ನು ಕೈಬಿಡಬೇಕಾಗಿಲ್ಲ. ಈಗ ಹೇಳಿದ ರೈಜನ್ 5 7600ರಲ್ಲಿ ಆರು ಕೋರ್‌ಗಳಿದ್ದು, ಮಲ್ಟಿಪ್ಲೈಯರ್‌ಗೆ ಬೀಗವಿಲ್ಲ, ಅದಕ್ಕಾಗಿ ಹೆಚ್ಚಿನ ಹಣವನ್ನೂ ತೆರಬೇಕಾಗಿಲ್ಲ. ಜೊತೆಗೆ ಬಿ650 ಅಥವಾ ಬಿ850 ಚಿಪ್‌ಸೆಟ್ಟಿನ ಮದರ್‌ಬೋರ್ಡ್ ಸಾಕು. ಇಲ್ಲಿ ಒಂದು ಅಕ್ಷರ, ಒಂದು ಅಂಕಿಯ ವ್ಯತ್ಯಾಸಕ್ಕೂ ಬೆಲೆಯಿದೆ. ಎ620 ಮತ್ತು ಬಿ840 ಬೋರ್ಡುಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕಿಂಗ್ ಇಲ್ಲ. ಬಿಲ್ ಮಾಡಿಸುವ ಮೊದಲು ಡಬ್ಬದ ಮೇಲಿನ ಹೆಸರನ್ನು ನೀವೇ ಓದಿ. ಬೋರ್ಡನ್ನು ಆರಿಸುವಾಗ ದೀಪಗಳ ಅಲಂಕಾರ ನೋಡಬೇಡಿ. ಪ್ರೊಸೆಸರ್ ಸಾಕೆಟ್ಟಿನ ಪಕ್ಕದ ವಿದ್ಯುತ್ ಮಂಡಲದ ಮೇಲೆ ಗಟ್ಟಿಯಾದ ಲೋಹದ ಹೀಟ್‌ಸಿಂಕ್ ಇದೆಯೇ, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ (ಬೋರ್ಡಿನಲ್ಲೇ ಇದ್ದು ಪಿಸಿಯನ್ನು ಚಾಲೂ ಮಾಡುವ ತಂತ್ರಾಂಶ) ನವೀಕರಿಸುವ ಗುಂಡಿ ಹಿಂಬದಿಯಲ್ಲಿ ಇದೆಯೇ ಎಂದು ನೋಡಿ.

ಇನ್ನು, ನಿಮ್ಮ ಊರಿನ ಹವೆಯನ್ನು ಕೊಟೇಶನ್ ಬರೆದವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇನಲ್ಲ. ಕೂಲರ್, ಗಾಳಿಯದಾಗಲಿ ನೀರಿನದಾಗಲಿ, ಚಿಪ್ಪನ್ನು ಕೋಣೆಯ ತಾಪಕ್ಕಿಂತ ಕೆಳಗೆ ಇಳಿಸಲಾರದು. ಕೋಣೆಗಿಂತ ಇಂತಿಷ್ಟು ಡಿಗ್ರಿ ಹೆಚ್ಚಿಗೆ ನಿಲ್ಲಿಸಬಲ್ಲದು, ಅಷ್ಟೆ. ಹೀಗಾಗಿ 25 ಡಿಗ್ರಿಯ ಎಸಿ ಕೋಣೆಯಲ್ಲಿ 72 ಡಿಗ್ರಿ ತೋರಿಸುವ ಪ್ರೊಸೆಸರ್ 40 ಡಿಗ್ರಿಯ ಕೋಣೆಯಲ್ಲಿ ಸುಮಾರು 87 ತೋರಿಸುತ್ತದೆ. ರೈಜನ್ 7000 ಸರಣಿಯ ಮಿತಿ 95 ಡಿಗ್ರಿ. ಆ ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಯೂಟ್ಯೂಬ್ ವಿಡಿಯೊಗಳಲ್ಲಿ ತಣ್ಣನೆಯ ಸ್ಟುಡಿಯೊದೊಳಗೆ ಕೂತು ಮಾಡಿದ ಓವರ್‌ಕ್ಲಾಕ್ ನಿಮ್ಮ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಹಾಗೆಯೇ ನಿಲ್ಲುತ್ತದೆ ಎಂದು ನಂಬಬೇಡಿ.

ಆದ್ದರಿಂದ ನಿಮಗೆ ನಾನು ಸೂಚಿಸುವುದು ವೋಲ್ಟೇಜ್ ಏರಿಸುವ ಓವರ್‌ಕ್ಲಾಕಿಂಗನ್ನಲ್ಲ, ಇಳಿಸುವ ಬಗೆಯದನ್ನು. ಚಿಪ್ಪು ಹೀರುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. 1.30 ವೋಲ್ಟಿನ ಬದಲು 1.20ರಲ್ಲಿ ಅದೇ ವೇಗ ಸಿಕ್ಕರೆ ವಿದ್ಯುತ್ತು ಸುಮಾರು ಶೇ 15ರಷ್ಟು ಇಳಿಯುತ್ತದೆ, ಅದರೊಂದಿಗೆ ಶಾಖವೂ ಇಳಿಯುತ್ತದೆ. ಉಳಿದ ಅವಕಾಶದಲ್ಲಿ ಪ್ರೊಸೆಸರ್ ತನ್ನ ಮೇಲಿನ ವೇಗವನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಬಯಾಸ್‌ನಲ್ಲಿ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಎಂಬ ವಿಭಾಗದೊಳಗಿನ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 10ರಿಂದ ಆರಂಭಿಸಿ ನಿಧಾನವಾಗಿ ಮೈನಸ್ 20ರ ಕಡೆಗೆ ಹೋಗಿ. ಇದರ ಅಸ್ಥಿರತೆ ಬಹಳ ಸಲ ಕಾಣಿಸಿಕೊಳ್ಳುವುದು ಭಾರೀ ಕೆಲಸದ ನಡುವೆ ಅಲ್ಲ, ಬ್ರೌಸರ್ ತೆರೆದು ಸುಮ್ಮನೆ ಕೂತಿರುವಾಗ. ಆದುದರಿಂದ ಸಿನೆಬೆಂಚ್ ಎಂಬ ವೇಗ ಪರೀಕ್ಷೆಯ ತಂತ್ರಾಂಶ ಒಂದು ಸುತ್ತು ಮುಗಿಸಿತು ಎಂದು ಸಂಭ್ರಮಿಸದೆ, ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್‌ನಂಥ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಡಿ. ಇಷ್ಟಕ್ಕೆ ಲಿಕ್ವಿಡ್ ಕೂಲರ್ ಬೇಕಾಗಿಲ್ಲ. 7600ರ ಡಬ್ಬದಲ್ಲಿ ಬರುವ ಚಿಕ್ಕ ಕೂಲರಿನ ಬದಲು 120 ಮಿಲಿಮೀಟರ್ ಫ್ಯಾನಿನ, ನಾಲ್ಕು ಹೀಟ್‌ಪೈಪುಗಳ ಟವರ್ ಕೂಲರ್ ಸಾಕು. ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದಾಗಿರದೆ ಜಾಲರಿಯದ್ದಾಗಿರಲಿ. ದೂಳು ಹೆಚ್ಚಿರುವ ಊರಾದ್ದರಿಂದ ತೆಗೆದು ತೊಳೆಯಬಹುದಾದ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು.

ಗ್ರಾಫಿಕ್ಸ್ ಕಾರ್ಡ್‌ಗೆ ಒಟ್ಟು ಹಣದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇಡಬೇಡಿ. 1440 ಪಿಗೆ 8 ಜಿಬಿ ಮೆಮೊರಿಯ ಕಾರ್ಡನ್ನು ಇಂದು ಹೊಸದಾಗಿ ಕೊಳ್ಳಿ ಎಂದು ಹೇಳಲು ನನಗೆ ಮನಸ್ಸಿಲ್ಲ. 2025ರಲ್ಲಿ ಬಂದ ಎಎಂಡಿ ಆರ್‌ಎಕ್ಸ್ 9060 ಎಕ್ಸ್‌ಟಿ ಮತ್ತು ಎನ್‌ವಿಡಿಯಾ ಆರ್‌ಟಿಎಕ್ಸ್ 5060 ಟಿಐ ಎರಡೂ 8 ಮತ್ತು 16 ಜಿಬಿ ರೂಪಗಳಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಡಬ್ಬಗಳಲ್ಲಿ ಸಿಗುತ್ತವೆ. 16 ಜಿಬಿಯದ್ದನ್ನೇ ಕೇಳಿ ಪಡೆಯಿರಿ. ಓವರ್‌ಕ್ಲಾಕಿಂಗ್‌ನ ಕೈಚಳಕ ತೋರಿಸಲು ಇದೇ ಉತ್ತಮ ಜಾಗ ಎಂಬುದು ನನ್ನ ಅಭಿಪ್ರಾಯ. ಕಾರ್ಡಿನ ವೇಗ ಹೊಂದಿಸುವ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಮಾಡಿದ ಬದಲಾವಣೆ ಸರಿಬರದಿದ್ದರೆ ಯಂತ್ರ ಮರುಚಾಲನೆಯಾದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಪೂರ್ತಿ ಪರೀಕ್ಷೆ ಮುಗಿಯುವವರೆಗೆ, ವಿಂಡೋಸ್ ಶುರುವಾದಾಗಲೇ ಅದನ್ನು ಅನ್ವಯಿಸುವ ಆಯ್ಕೆಯನ್ನು ಒತ್ತಬೇಡಿ.

ರ್‍ಯಾಮ್ ವಿಷಯದಲ್ಲಿ ಕಾಲ ಚೆನ್ನಾಗಿಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿತು. ರೈಜನ್ 7600 ಕೂರುವ ಸಾಕೆಟ್ಟಿಗೆ ಡಿಡಿಆರ್5 ಬಗೆಯ ಮೆಮೊರಿ ಬಿಟ್ಟು ಬೇರೆ ದಾರಿಯಿಲ್ಲ. ಎಟುಕಿದರೆ 16 ಜಿಬಿಯ ಎರಡು ಸ್ಟಿಕ್‌ಗಳು, ಎಟುಕದಿದ್ದರೆ 8 ಜಿಬಿಯ ಎರಡು ಸ್ಟಿಕ್‌ಗಳಿಂದ ಆರಂಭಿಸಿ. ಮುಂದೆ ಇನ್ನೆರಡು ಸೇರಿಸಿ ನಾಲ್ಕು ಮಾಡುವ ಯೋಚನೆ ಬೇಡ, ಏಕೆಂದರೆ ನಾಲ್ಕು ಸ್ಟಿಕ್ ಹಾಕಿದರೆ ಈ ಪ್ರೊಸೆಸರಿನ ಅಧಿಕೃತ ಮೆಮೊರಿ ವೇಗ 5200ರಿಂದ 3600ಕ್ಕೆ ಕುಸಿಯುತ್ತದೆ. ವೇಗ 6000, ಲೇಟೆನ್ಸಿ (ಪ್ರತಿಕ್ರಿಯೆಯ ವಿಳಂಬ) 30 ಅಥವಾ 36 ಇರುವ, ಎಕ್ಸ್‌ಪೊ (ಮೆಮೊರಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸಲು ಎಎಂಡಿ ರೂಪಿಸಿದ ಸಿದ್ಧ ಹೊಂದಾಣಿಕೆ) ಗುರುತಿನ ಜೋಡಿಯನ್ನು ಹುಡುಕಿ. ಬಯಾಸ್‌ನಲ್ಲಿ ಆ ಎಕ್ಸ್‌ಪೊ ಆಯ್ಕೆಯನ್ನು ಸಕ್ರಿಯಗೊಳಿಸದಿದ್ದರೆ ನೀವು ಹಣ ಕೊಟ್ಟ ವೇಗ ನಿಮಗೆ ಸಿಗುವುದಿಲ್ಲ. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇದ್ದರೆ ಗಾಬರಿಯಾಗಬೇಡಿ, ಪವರ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ. ಬೋರ್ಡು ಆಗ ಮೆಮೊರಿಯ ಸಮಯ ಹೊಂದಿಸಿಕೊಳ್ಳುತ್ತಿರುತ್ತದೆ.

ಪಿಸಿಯ ಭಾಗಗಳಿಗೆಲ್ಲ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಬಗ್ಗೆ ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಪ್ರೊಸೆಸರಿಗೆ ಹೆಚ್ಚೆಂದರೆ 88 ವ್ಯಾಟ್, 9060 ಎಕ್ಸ್‌ಟಿ ಕಾರ್ಡಿಗೆ 160, ಉಳಿದದ್ದಕ್ಕೆ 50 ಎಂದುಕೊಂಡರೆ ಒಟ್ಟು ಸುಮಾರು 300 ವ್ಯಾಟ್ ಆಯಿತು. ಹೆಸರಾಂತ ತಯಾರಿಕೆಯ 650 ವ್ಯಾಟ್ ಧಾರಾಳ. ಡಬ್ಬದ ಮೇಲಿನ 80 ಪ್ಲಸ್ ಗುರುತು ವಿದ್ಯುತ್ತಿನ ದಕ್ಷತೆಯನ್ನು ಮಾತ್ರ ಹೇಳುತ್ತದೆ, ಒಳಗಿನ ಬಿಡಿಭಾಗಗಳ ಗುಣಮಟ್ಟವನ್ನಲ್ಲ. ವಾರಂಟಿ ಎಷ್ಟು ವರ್ಷದ್ದೆಂಬುದನ್ನು ನೋಡಿ. ಶಕ್ತಿನಗರದಲ್ಲಿ ನಾಡಿಗೆಲ್ಲ ವಿದ್ಯುತ್ತು ತಯಾರಾದರೂ ರಾಯಚೂರಿನ ಮನೆಗಳಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲವಲ್ಲ, ಆದುದರಿಂದ ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದಾಗಿದ್ದರೆ ಅದನ್ನು ನೆಚ್ಚಬೇಡಿ; ಈಗಿನ ಎಸ್‌ಎಂಪಿಎಸ್‌ಗಳು ಅಂಥ ಅಲೆಯ ಮೇಲೆ ಕೆಲವೊಮ್ಮೆ ಕೈಕೊಡುತ್ತವೆ. ಶುದ್ಧ ಸೈನ್ ವೇವ್ ಕೊಡುವ 1 ಕೆವಿಎ ಯುಪಿಎಸ್ ಒಳ್ಳೆಯದು.

ಪ್ರಶ್ನೆ: ಪರಿಚಿತರೊಬ್ಬರು ಇಂಟೆಲ್ ಕೋರ್ ಐ5 13600ಕೆ ಪ್ರೊಸೆಸರನ್ನು ಮದರ್‌ಬೋರ್ಡ್ ಸಹಿತ ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಎಚ್ಚರ ಬೇಕು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ವಿಪರೀತ ವೋಲ್ಟೇಜಿನಿಂದ ಚಿಪ್ಪು ಸವೆದು ಆಟಗಳು ನಡುವೆ ನಿಂತುಹೋಗುವ ದೋಷ 2024ರಲ್ಲಿ ಬಯಲಿಗೆ ಬಂದಿತು. 13600ಕೆ ಕೂಡ ಆ ಪಟ್ಟಿಯಲ್ಲಿದೆ. 2024ರ ಆಗಸ್ಟ್‌ನಲ್ಲಿ ಇಂಟೆಲ್ 0ಎಕ್ಸ್129 ಎಂಬ ಮೈಕ್ರೊಕೋಡ್ (ಬಯಾಸ್ ಮೂಲಕ ಪ್ರೊಸೆಸರಿಗೆ ತಲುಪುವ ತಿದ್ದುಪಡಿ) ಕೊಟ್ಟಿತು, ಬಳಿಕ ಇನ್ನಷ್ಟು ಪರಿಷ್ಕರಣೆಗಳು ಬಂದವು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಲಾಯಿತು. ಆದರೆ ಮೈಕ್ರೊಕೋಡ್ ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಮಾರುವವರು ಬಯಾಸ್ ಯಾವಾಗ ನವೀಕರಿಸಿದರು, ಅದಕ್ಕೂ ಮೊದಲು ಎಷ್ಟು ಕಾಲ ಓಡಿಸಿದರು ಎಂಬುದು ನಿಮಗೆ ಗೊತ್ತಾಗಬೇಕು. ಡಬ್ಬದಲ್ಲಿ ಬಂದ ಪ್ರೊಸೆಸರ್ ಆಗಿದ್ದು ಮೂಲ ಬಿಲ್ ಸಹಿತ ಕೊಟ್ಟರೆ ಯೋಚಿಸಿ. ಬಿಲ್ ಇಲ್ಲದ್ದಾದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ. ಇದೇ ಬೋರ್ಡಿಗೆ ಕೂರುವ 12ನೇ ತಲೆಮಾರಿನ 12600ಕೆಗೆ ಈ ತೊಂದರೆಯಿಲ್ಲ.

ಪ್ರಶ್ನೆ: ಓವರ್‌ಕ್ಲಾಕ್ ಮಾಡಿದರೆ ವಾರಂಟಿ ಹೋಗುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ನಿಯಮದ ಪ್ರಕಾರ ಹೌದು. ತಮ್ಮದೇ ತಂತ್ರಾಂಶ ಬಳಸಿ ಮಾಡಿದ್ದರೂ ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ತಾವು ಹೊಣೆಯಲ್ಲ ಎಂದು ಎಎಂಡಿ ಬರೆದಿದೆ, ಎಕ್ಸ್‌ಪೊ ಕೂಡ ಅದರೊಳಗೇ ಬರುತ್ತದೆ.

ಪ್ರಶ್ನೆ: ನನ್ನಲ್ಲಿ ರೈಜನ್ 5 2600, ಬಿ450 ಬೋರ್ಡ್, 16 ಜಿಬಿ ಡಿಡಿಆರ್4 ರ್‍ಯಾಮ್ ಇದೆ. 2600 ಅನ್ನು ಓವರ್‌ಕ್ಲಾಕ್ ಮಾಡಲೇ, ಹೊಸ ಪಿಸಿಯನ್ನೇ ಕೊಳ್ಳಲೇ?
– ಓದುಗರು, ಶಿವಮೊಗ್ಗ

ಉತ್ತರ: ಎರಡೂ ಬೇಡ. ರ್‍ಯಾಮ್ ಇಷ್ಟು ದುಬಾರಿಯಾಗಿರುವಾಗ ಕೈಯಲ್ಲಿರುವ 16 ಜಿಬಿಯನ್ನು ಬಿಟ್ಟುಕೊಡುವುದು ಜಾಣತನವಲ್ಲ. 2018ರ ಈ ಪ್ರೊಸೆಸರನ್ನು ಎಷ್ಟೇ ಓವರ್‌ಕ್ಲಾಕ್ ಮಾಡಿದರೂ ಅದು ಅದೇ ಸಾಕೆಟ್ಟಿಗೆ ಕೂರುವ ರೈಜನ್ 5 5600ರ ಹತ್ತಿರ ಬರಲಾರದು. ನಿಮ್ಮ ಬೋರ್ಡಿನ ತಯಾರಕರ ಜಾಲತಾಣದಲ್ಲಿ 5600ಕ್ಕೆ ಬೆಂಬಲ ಕೊಡುವ ಬಯಾಸ್ ಆವೃತ್ತಿ ಯಾವುದೆಂದು ನೋಡಿ. ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಅದನ್ನು ಹಾಕಿ, ಪಿಸಿ ಸರಿಯಾಗಿ ಶುರುವಾಯಿತೆಂದು ಖಚಿತಪಡಿಸಿಕೊಂಡ ನಂತರ ಹೊಸದನ್ನು ಕೂರಿಸಿ. ಮಳೆಗಾಲದ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ಬಯಾಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡನ್ನು ಹೊತ್ತು ಸರ್ವಿಸ್ ಸೆಂಟರಿಗೆ ಅಲೆಯಬೇಕಾಗುತ್ತದೆ.