ಕೋವಿ ಕೈಬಿಡುವ ಹೊತ್ತು: ಕಾಫಿ ಸೀಮೆಯ ಹಿರಿಯರೊಬ್ಬರ ಪ್ರಕರಣ

ಈ ಪ್ರಕರಣವನ್ನು ಬರೆಯಲು ಕುಟುಂಬದವರ ಒಪ್ಪಿಗೆ ಇದೆ. ಗುರುತು ಸಿಗದಿರಲೆಂದು ಊರು, ವಯಸ್ಸು ಮತ್ತು ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೊಟ್ಟ ಸಲಹೆಯನ್ನು ಮಾತ್ರ ಇದ್ದ ಹಾಗೆಯೇ ದಾಖಲಿಸಿದ್ದೇನೆ.

ಮಲೆನಾಡಿನ ಕಾಫಿ ತೋಟದ ಮನೆಯೊಂದರ ಕಿರಿಯ ಮಗ ತಂದೆಯ ಕೋವಿಗಳ ವಿಷಯವಾಗಿ, ಆಪ್ತಸಲಹೆಗಾರಳಾದ ನನ್ನನ್ನು ಕಾಣಲು ಬಂದರು. ತಂದೆಗೆ 77 ವರ್ಷ. ತಾಯಿ ತೀರಿಕೊಂಡು ವರ್ಷ ದಾಟಿತ್ತು. ಮನೆಯಲ್ಲಿ ಮೂರು ಕೋವಿಗಳಿದ್ದವು: ಅಜ್ಜನ ಕಾಲದ, ತುಕ್ಕು ಹಿಡಿದು ನಳಿಗೆ ಮುಚ್ಚಿಹೋಗಿ ಜಗಲಿಯ ಗೋಡೆಯಲ್ಲಿ ತೂಗುತ್ತಿದ್ದ ಒಂದು ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಬಗೆ), ಅವರಿಗೆ ತಮ್ಮ ತಂದೆಯಿಂದ ಬಂದ ವೆಬ್ಲಿ ಆ್ಯಂಡ್ ಸ್ಕಾಟ್ ಕಂಪನಿಯ 12 ಬೋರಿನ ಜೋಡುನಳಿಗೆ, ಅವರೇ ಪ್ರಾಯದಲ್ಲಿ ಕೊಂಡ, ಆರ್ಡ್‌ನೆನ್ಸ್ ಫ್ಯಾಕ್ಟರಿಯ .315 ರೈಫಲ್. ಹಿಂದೆ ಒಂದು .22 ರೈಫಲ್ ಕೂಡ ಇತ್ತು. 2019ರ ಡಿಸೆಂಬರಿನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿಯಾಗಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಾಗ, ಹೆಚ್ಚುವರಿಯನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಾಗಿ ಬಂದು, ಆ .22 ರೈಫಲನ್ನು ಬಂದೂಕಿನ ಡೀಲರ್ ಒಬ್ಬರಿಗೆ ಕೊಟ್ಟಿದ್ದರು; ಬಳಸಲಾಗದ ಕೇಪಿನ ಕೋವಿಯನ್ನು ಈ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಗನ ಆತಂಕಕ್ಕೆ ಕಾರಣವಿತ್ತು. ಮಳೆಗಾಲದ ಒಂದು ರಾತ್ರಿ ಹಂದಿ ಕಾಯಲು ಗದ್ದೆಗೆ ಹೋಗಿ ಬಂದ ತಂದೆ, ಜೋಡುನಳಿಗೆಯನ್ನು ಜಗಲಿಯ ಮೂಲೆಗೆ ಒರಗಿಸಿ ಮಲಗಿಬಿಟ್ಟಿದ್ದರು. ಬೆಳಿಗ್ಗೆ ಕಸ ಗುಡಿಸಲು ಬಂದ ಸೊಸೆ, ಕೋವಿಯ ಎರಡೂ ನಳಿಗೆಗಳಲ್ಲಿ ತೋಟೆ (ಕಾಡತೂಸು) ಇರುವುದನ್ನು ಕಂಡರು. ಮನೆಯಲ್ಲಿ ಒಂಬತ್ತು ಮತ್ತು ಆರು ವರ್ಷದ ಮಕ್ಕಳಿದ್ದಾರೆ. ಬೆಂಗಳೂರಿನಲ್ಲಿರುವ ಹಿರಿಯ ಮಗ ಫೋನಿನಲ್ಲೇ ಎಲ್ಲವನ್ನೂ ಮಾರಿಬಿಡಿ ಎಂದು ಹೇಳಿದ್ದರಿಂದ ತಂದೆ ಅವರೊಂದಿಗೆ ಮಾತು ಬಿಟ್ಟಿದ್ದರು. “ನೀವು ಹೇಳಿದ್ರೆ ಅಪ್ಪಯ್ಯ ಕೇಳ್ತಾರೆ ಮೇಡಂ, ಮಾರೋಕೆ ಒಪ್ಪಿಸಿಕೊಡಿ” ಎಂಬುದು ಕಿರಿಯ ಮಗನ ಕೋರಿಕೆ. ಒಬ್ಬರ ತೀರ್ಮಾನವನ್ನು ಇನ್ನೊಬ್ಬರ ಬಾಯಿಂದ ಹೇಳಿಸುವ ಕೆಲಸ ಆಪ್ತಸಲಹೆಯಲ್ಲ ಎಂದು ತಿಳಿಸಿ, ತಂದೆಯವರು ತಾವಾಗಿ ಬರುವುದಾದರೆ ಮಾತನಾಡುತ್ತೇನೆ ಎಂದೆ. ಅವರು ಬರುವವರೆಗೆ ತೋಟೆಗಳನ್ನು ಬೇರೆ ಕಡೆ ಬೀಗ ಹಾಕಿಡಬೇಕು, ಅದನ್ನು ಕದ್ದುಮುಚ್ಚಿ ಮಾಡದೆ ಅವರಿಗೆ ಹೇಳಿಯೇ ಮಾಡಬೇಕು ಎಂದು ಮಾತ್ರ ಸೂಚಿಸಿದೆ.

ಅವರು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಲೈಸೆನ್ಸ್ ಪುಸ್ತಕವಿತ್ತು. ಪುಟಪುಟದಲ್ಲೂ ನವೀಕರಣದ ಮೊಹರು, ಕೊಂಡ ತೋಟೆಗಳ ಲೆಕ್ಕ, ಒಂದು ಅಂಕಿಯೂ ತಿದ್ದಿದ್ದಿರಲಿಲ್ಲ. ತಮ್ಮ ಮೇಲೆ ದೂರು ಬಂದಿದೆ, ಸಾಕ್ಷ್ಯ ತೋರಿಸಬೇಕು ಎಂಬ ಭಾವದಲ್ಲಿ ಅವರು ಅದನ್ನು ಮೇಜಿನ ಮೇಲಿಟ್ಟರು. ಮೊದಲ ಅರ್ಧ ಗಂಟೆ ನಾನು ಕೇಳಿದ್ದೆಲ್ಲ ಕೋವಿಗಳ ಬಗ್ಗೆಯೇ. ಮಳೆಗಾಲದಲ್ಲಿ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುವುದರಿಂದ ಕೋವಿಯನ್ನು ಚೀಲದಲ್ಲಿಡಬಾರದು, ನಳಿಗೆಯೊಳಗೆ ಎಣ್ಣೆಬಟ್ಟೆ ಹಾಯಿಸಿದ ಮೇಲೆ ಒಣಬಟ್ಟೆಯನ್ನೂ ಹಾಯಿಸಬೇಕು, ಹಿಡಿಯ ಮರಕ್ಕೆ ಬೇರೆ ಎಣ್ಣೆ, ಕಬ್ಬಿಣಕ್ಕೆ ಬೇರೆ ಎಣ್ಣೆ ಎಂದು ವಿವರಿಸುತ್ತಿದ್ದಾಗ ಅವರ ದನಿ ತಿಳಿಯಾಯಿತು.

ಅಷ್ಟು ಎಚ್ಚರದ ಮನುಷ್ಯ ತೋಟೆ ತೆಗೆಯದೆ ಮಲಗಿದ್ದು ಹೇಗೆ ಎಂಬುದು ನನಗೆ ಮುಖ್ಯವಾಗಿತ್ತು, ಏಕೆಂದರೆ ಮನೆಯವರು ಅದನ್ನು ಮರೆವು ಎಂದುಕೊಂಡಿದ್ದರು. ಆ ರಾತ್ರಿ ಏನಾಯಿತೆಂದು ಹಂತಹಂತವಾಗಿ ಹೇಳಿಸಿದಾಗ ತಿಳಿದದ್ದು ಬೇರೆ. ಜೋಡುನಳಿಗೆಯನ್ನು ಮಡಚಿ ತೆರೆಯಲು ಮೇಲಿನ ಪುಟ್ಟ ಸನ್ನೆಯನ್ನು (ಲಿವರನ್ನು) ಬಲಗೈ ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಬೇಕು. ಅವರ ಹೆಬ್ಬೆರಳಿನ ಗಂಟು ಬಾತು, ತಣ್ಣನೆಯ ರಾತ್ರಿಯಲ್ಲಿ ಆ ಸನ್ನೆಯನ್ನು ತಳ್ಳುವ ಶಕ್ತಿ ಇರಲಿಲ್ಲ. ಮಗನನ್ನು ಎಬ್ಬಿಸಿ ಕೇಳಲು ನಾಚಿಕೆಯಾಗಿ, ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ ತೆಗೆದರಾಯಿತು ಎಂದು ಒರಗಿಸಿ ಮಲಗಿದ್ದರು. ಅವರ ನೆನಪಿನ ಶಕ್ತಿ ಚೆನ್ನಾಗಿಯೇ ಇತ್ತು. ಮುಂದೆ ವೈದ್ಯರ ಪರೀಕ್ಷೆಯಲ್ಲೂ ಅದೇ ತಿಳಿಯಿತು. ಸಹಾಯ ಕೇಳಲಾಗದಿದ್ದದ್ದೇ ಇಲ್ಲಿನ ಅಪಾಯ. ವಯಸ್ಸಾದವರ ಮನೆಯಲ್ಲಿ ಕೋವಿಯ ವಿಷಯ ಬಂದಾಗ ಕಣ್ಣು, ಕೈ, ಕಿವಿ, ನೆನಪು ಇವುಗಳಲ್ಲಿ ಯಾವುದು ಸೋತಿದೆ ಎಂಬುದನ್ನು ಬಿಡಿಸಿ ನೋಡದೆ “ನಿಮಗೆ ವಯಸ್ಸಾಯಿತು” ಎಂದುಬಿಡುವುದು ಅನ್ಯಾಯವೂ ಹೌದು, ಉಪಯೋಗವಿಲ್ಲದ್ದೂ ಹೌದು.

ಇಂತಹ ಪ್ರಕರಣದಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಹೆಂಡತಿಯನ್ನು ಕಳೆದುಕೊಂಡ, ಹೆಚ್ಚು ಮಾತನಾಡದ, ನಿದ್ದೆ ಕೆಟ್ಟ, ಕೈಯಳತೆಯಲ್ಲಿ ಕೋವಿಯಿರುವ ಹಿರಿಯ ಗಂಡಸನ್ನು ಇದನ್ನು ಕೇಳದೆ ಕಳುಹಿಸಬಾರದು. “ಯಜಮಾನರೇ, ಅಮ್ಮನವರು ಹೋದ ಮೇಲೆ ಬದುಕೇ ಬೇಡ ಅನ್ನಿಸಿದ್ದುಂಟೆ? ಕೋವಿ ಕೈಯಲ್ಲಿದ್ದಾಗ ಹಾಗನ್ನಿಸಿದ್ದುಂಟೆ?” ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೆ ಆಗುವುದಿಲ್ಲ, ಹೆಚ್ಚಿನವರಿಗೆ ಅದು ಬಿಡುಗಡೆಯೇ ಆಗುತ್ತದೆ. ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡಿ, ಆಷಾಢದಲ್ಲಿ ಒಂದು ಸಂಜೆ ಹಾಗೆ ಅನ್ನಿಸಿತ್ತು, ಮೊಮ್ಮಗಳು ಕಾಫಿಗೆ ಕರೆದದ್ದರಿಂದ ಎದ್ದು ಒಳಗೆ ಹೋದೆ ಎಂದರು. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಆ ಕ್ಷಣದಿಂದ ಮಾರಾಟದ ಪ್ರಶ್ನೆ ಹಿಂದೆ ಸರಿಯಿತು. ಜೀವಕ್ಕೆ ಅಪಾಯವಿದ್ದಾಗ ಗೋಪ್ಯತೆಗೆ ಮಿತಿಯಿದೆ ಎಂದು ನಾನು ಮೊದಲೇ ಹೇಳಿದ್ದೆ. ಹಾಗಿದ್ದರೂ ಮಗನಿಗೆ ತಿಳಿಸಲು ಅವರ ಒಪ್ಪಿಗೆ ಕೇಳಿದೆ, ಅವರು ಒಪ್ಪಿದರು. ಬಳಕೆಯಲ್ಲಿದ್ದ ಎರಡೂ ಕೋವಿ ಆ ವಾರದೊಳಗೆ ಮನೆಯಿಂದ ಹೊರಗೆ ಇರಬೇಕು ಎಂದು ಹೇಳುವಾಗ ಅದು ಶಿಕ್ಷೆಯೆಂದು ತೋರಬಾರದಿತ್ತು. ಇಂತಹ ಯೋಚನೆಯ ತೀವ್ರ ಗಳಿಗೆ ಸಾಮಾನ್ಯವಾಗಿ ಬಂದು ಹೋಗುವಂಥದ್ದು, ಆ ಗಳಿಗೆಯಲ್ಲಿ ಸಾಧನ ದೂರವಿದ್ದರೆ ಮನುಷ್ಯ ಉಳಿಯುತ್ತಾನೆ ಎಂಬುದನ್ನು ಅವರಿಗೆ ಮುಚ್ಚುಮರೆಯಿಲ್ಲದೆ ವಿವರಿಸಿದೆ. ದಾರಿ ಅವರ ಅನುಭವದಲ್ಲೇ ಇತ್ತು. ಚುನಾವಣೆ ಘೋಷಣೆಯಾದಾಗಲೆಲ್ಲ ನಮ್ಮ ಕಡೆಯ ರೈತರು ಕೋವಿಯನ್ನು ಠಾಣೆಗೋ ಡೀಲರ್ ಬಳಿಗೋ ಒಪ್ಪಿಸಿ, ರಸೀದಿ ಪಡೆದು, ಫಲಿತಾಂಶದ ನಂತರ ವಾಪಸು ತರುವುದು ವಾಡಿಕೆ. ಅದರಲ್ಲಿ ಯಾರಿಗೂ ಅವಮಾನವಿಲ್ಲ. “ಎಲೆಕ್ಷನ್ನಿಗೆ ಕೊಟ್ಟ ಹಾಗೆ ಕೊಡೋಣ, ರಸೀದಿ ನಿಮ್ಮ ಹೆಸರಿನಲ್ಲೇ ಇರಲಿ” ಎಂದಾಗ ಅವರು ತಲೆಯಾಡಿಸಿದರು. ಪರವಾನಗಿ ಇರುವ ಡೀಲರ್ ಒಬ್ಬರ ಸುರಕ್ಷಿತ ಸಂಗ್ರಹದಲ್ಲಿ ಎರಡನ್ನೂ ಇಟ್ಟರು. ತಾವೇ ಹೋಗಿ, ತಾವೇ ಸಹಿ ಹಾಕಿದರು. ಅದೇ ವಾರ ಮನೋವೈದ್ಯರ ಬಳಿ ಚಿಕಿತ್ಸೆ ಆರಂಭವಾಯಿತು. ರಾತ್ರಿ ಹೊತ್ತು ಮನಸ್ಸು ಕುಸಿದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ ಸಂಖ್ಯೆ 14416 ಅನ್ನು ಅವರ ಮತ್ತು ಸೊಸೆಯ ಫೋನುಗಳಲ್ಲಿ ಉಳಿಸಿಕೊಟ್ಟೆ; ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಎರಡು ತಿಂಗಳ ನಂತರ, ನಿದ್ದೆ ಮರಳಿ ಮಾತು ಹಗುರವಾದ ಮೇಲೆ, ಮಾರಾಟದ ವಿಷಯವನ್ನು ಅವರೇ ಎತ್ತಿದರು. ಅವರ ನೋವಿನ ಬೇರು 2020ರಲ್ಲಿತ್ತು. ಆ .22 ರೈಫಲನ್ನು ಕೊಟ್ಟ ಬಳಿಕ ಅದು ಯಾರ ಕೈಗೆ ಹೋಯಿತೆಂದು ಅವರಿಗೆ ತಿಳಿಯಲಿಲ್ಲ. “ಆವತ್ತು ಸರ್ಕಾರ ಹೇಳ್ತು, ಇವತ್ತು ಮಕ್ಕಳು ಹೇಳ್ತಾರೆ. ನಿಂಗೇನು ಬೇಕು ಅಂತ ನನ್ನ ಯಾರೂ ಕೇಳಲಿಲ್ಲ” ಎಂದರು. ಕೋವಿಗಿಂತಲೂ ಅವರು ಬಿಗಿಹಿಡಿದಿದ್ದದ್ದು ತೀರ್ಮಾನಿಸುವ ಹಕ್ಕನ್ನು. ಹೀಗಾಗಿ ನನ್ನ ಸಲಹೆಯ ತಿರುಳು ಇಷ್ಟು: ಕೈ ಸಹಿ ಹಾಕುವಷ್ಟು ಗಟ್ಟಿಯಿರುವಾಗ, ಮನಸ್ಸು ಕತ್ತಲೆಯಿಂದ ಹೊರಬಂದಿರುವಾಗ, ಒಂದೊಂದು ಕೋವಿಯ ಬಗ್ಗೆಯೂ ಪ್ರತ್ಯೇಕವಾಗಿ ನೀವೇ ನಿರ್ಧರಿಸಿ. ಮೂರನ್ನೂ ಒಟ್ಟಿಗೆ ಮಾರುವುದು ಅಥವಾ ಮೂರನ್ನೂ ಇಟ್ಟುಕೊಳ್ಳುವುದು ಎಂಬ ಎರಡೇ ದಾರಿಗಳಲ್ಲಿ ಸಿಕ್ಕಿಕೊಳ್ಳಬೇಡಿ.

ಕಾನೂನಿನ ಮಾಹಿತಿ ಇಲ್ಲದಿದ್ದರೆ ಈ ಸಲಹೆ ಗಾಳಿಮಾತಾಗುತ್ತಿತ್ತು. ಲೈಸೆನ್ಸುದಾರರು ತೀರಿಕೊಂಡರೆ ಮನೆಯವರು ಕೋವಿಯನ್ನು ವಿಳಂಬವಿಲ್ಲದೆ ಠಾಣೆಗೆ ಅಥವಾ ಡೀಲರಿಗೆ ಒಪ್ಪಿಸಬೇಕು. ಹನ್ನೊಂದನೆಯ ದಿನದ ಕಾರ್ಯ ಮುಗಿಯಲಿ ಎಂದು ಅಟ್ಟದಲ್ಲಿಟ್ಟು ಮರೆತರೆ ಅದು ಅಕ್ರಮ ಆಯುಧವಾಗುತ್ತದೆ. ಇದು ಅನೇಕ ವಿಧವೆಯರಿಗೂ ಸೊಸೆಯರಿಗೂ ತಿಳಿದಿರುವುದಿಲ್ಲ. ಬದುಕಿರುವಾಗಲೇ ದಾಟಿಸಲು 2016ರ ಆಯುಧ ನಿಯಮಗಳಲ್ಲಿ ಅವಕಾಶವಿದೆ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು ಆ ಕೋವಿಯನ್ನು 25 ವರ್ಷ ಹೊಂದಿದ್ದರೆ, ತಮ್ಮ ಕಾನೂನುಬದ್ಧ ವಾರಸುದಾರರೊಬ್ಬರನ್ನು ಹೆಸರಿಸಬಹುದು, ಪರವಾನಗಿ ಕೊಡುವುದು ಪ್ರಾಧಿಕಾರದ ವಿವೇಚನೆ, ಎರಡರ ಮಿತಿ ವಾರಸಿಕೆಗೂ ಅನ್ವಯಿಸುತ್ತದೆ. ಮಾರುವುದಾದರೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರಹದಲ್ಲಿ ತಿಳಿಸಿ 45 ದಿನ ಕಳೆಯಬೇಕು, ಕೊಳ್ಳುವವರಿಗೆ ಆ ಬಗೆಯ ಕೋವಿಗೆ ಪರವಾನಗಿ ಇರಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದರಿಂದ ಅಲ್ಲಿನ ದಾರಿ ಬೇರೆ. ಈ ವಿವರಗಳಿಗೆ ವಕೀಲರನ್ನೂ ಜಿಲ್ಲಾಧಿಕಾರಿ ಕಚೇರಿಯನ್ನೂ ವಿಚಾರಿಸಿಯೇ ಮುಂದುವರಿಯಲು ಹೇಳಿದೆ.

ಬೆಲೆಯ ಮಾತು ಬಂದಾಗ ಹಿರಿಯ ಮಗ, ಜೋಡುನಳಿಗೆಯೇ ಹೆಚ್ಚು ಹಣ ತರುತ್ತದೆ, ಅದನ್ನೇ ಮೊದಲು ಮಾರಬೇಕೆಂದರು. ಲೆಕ್ಕ ಸರಿಯಾಗಿತ್ತು; 1980ರ ದಶಕದಲ್ಲಿ ಖಾಸಗಿ ಆಮದಿಗೆ ತಡೆ ಬಿದ್ದಾಗಿನಿಂದ ಹಳೆಯ ವಿಲಾಯಿತಿ ಕೋವಿಗಳಿಗೆ ಇಲ್ಲಿ ಬೇಡಿಕೆ ಹೆಚ್ಚು. ಆದರೆ ಈ ಕುಟುಂಬಕ್ಕೆ ಹಣದ ತುರ್ತಿರಲಿಲ್ಲ. ಆಯುಧಪೂಜೆಯಂದು ಕತ್ತಿ, ಗರಗಸಗಳ ನಡುವೆ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದದ್ದು ಅದೇ ಕೋವಿ. ತಂದೆ ಅದನ್ನು ಕಿರಿಯ ಮಗನಿಗೆ ದಾಟಿಸಲು ಬಯಸಿದರು. ಕಿರಿಯ ಮಗನಿಗೆ ಅದು ನಿಜವಾಗಿ ಬೇಕೇ ಎಂದು ತಂದೆಯ ಎದುರಿನಲ್ಲಿಯೇ ಕೇಳಿದೆ, ಏಕೆಂದರೆ ಗೌರವಕ್ಕೆ ಕಟ್ಟುಬಿದ್ದು ಒಪ್ಪಿಕೊಂಡ ಕೋವಿ ಮುಂದೆ ಆ ಮನೆಗೆ ಹೊರೆಯಾಗುತ್ತದೆ. ಅವರು ಸ್ವಲ್ಪ ಯೋಚಿಸಿ, ತರಬೇತಿ ಪಡೆದು ಪರವಾನಗಿ ಸಿಕ್ಕರೆ ಇಟ್ಟುಕೊಳ್ಳುತ್ತೇನೆ, ಕಬ್ಬಿಣದ ಕಪಾಟು ಬರುವವರೆಗೆ ಡೀಲರ್ ಬಳಿಯೇ ಇರಲಿ ಎಂದರು. ಸೊಸೆಯ ಮಾತನ್ನೂ ಕೇಳಿದೆ. ಕಪಾಟಿನ ಬೀಗದ ಕೈ ಗಂಡನ ಬಳಿಯೂ ತೋಟೆಯ ಪೆಟ್ಟಿಗೆಯ ಬೀಗದ ಕೈ ತಮ್ಮ ಬಳಿಯೂ ಇರಬೇಕೆಂಬುದು ಅವರ ಷರತ್ತು. ಮಾವ ಮರುಮಾತಿಲ್ಲದೆ ಒಪ್ಪಿದರು.

ರೈಫಲನ್ನು ಮಾರುವ ತೀರ್ಮಾನ ಸಂಪೂರ್ಣವಾಗಿ ಅವರದು. ಅದಕ್ಕೆ ಅವರು ಎರಡು ನಿಬಂಧನೆ ಹಾಕಿಕೊಂಡರು: ಕೊಳ್ಳುವವರನ್ನು ತಾವು ಕಣ್ಣಾರೆ ನೋಡಬೇಕು, ಅದರ ಎಣ್ಣೆ, ಬಟ್ಟೆಗಳ ಕ್ರಮವನ್ನು ತಾವೇ ಹೇಳಿಕೊಡಬೇಕು. ಎರಡೂ ನ್ಯಾಯವಾದ ಬೇಡಿಕೆಗಳು. ಕೇಪಿನ ಕೋವಿಯ ಬಗ್ಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ; ದುರಸ್ತಿ ಮಾಡಿದರೂ ಬಳಸಲಾಗದ ಹಳೆಯ ಆಯುಧಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲವಾದರೂ ಅದನ್ನು ಮನೆಯವರೇ ನಿರ್ಧರಿಸಿಕೊಳ್ಳಬಾರದು, ಅಧಿಕಾರಿಗಳಿಂದ ಬರಹದಲ್ಲಿ ಪಡೆಯಿರಿ ಎಂದೆ.

ಕೋವಿಗಳ ಕತೆಯನ್ನು ಬರೆದಿಡುವಂತೆಯೂ ಕೇಳಿಕೊಂಡೆ. ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಅವರು ಪ್ರತಿ ಕೋವಿಯ ನಂಬರು, ಯಾರಿಂದ ಬಂತು, ಯಾವ ವರ್ಷ, 1972ರ ವನ್ಯಜೀವಿ ಕಾಯ್ದೆ ಬಂದಾಗ ತಮ್ಮ ತಂದೆ ಶಿಕಾರಿ ನಿಲ್ಲಿಸಿದ ಬಗೆ, ಎಲ್ಲವನ್ನೂ ಬರೆಯುತ್ತಿದ್ದಾರೆ. ವಸ್ತು ಬೇರೆಯವರ ಪಾಲಾದರೂ ಅದರೊಂದಿಗಿನ ಬಾಳ್ವೆ ಮನೆಯಲ್ಲಿ ಉಳಿಯುತ್ತದೆ ಎಂಬ ಭರವಸೆ ಸಿಕ್ಕ ಮೇಲೆಯೇ ಅವರು ರೈಫಲ್ ಮಾರಾಟದ 45 ದಿನದ ನೋಟಿಸಿಗೆ ಸಹಿ ಹಾಕಿದ್ದು. ಹಿರಿಯ ಮಗ ಆ ಬರಹವನ್ನು ಟೈಪ್ ಮಾಡಿಕೊಡುತ್ತಿದ್ದಾರೆ. ತಂದೆ ಮಗನ ಮಾತು ಮತ್ತೆ ಶುರುವಾದದ್ದು ಅದರಿಂದ.

ಇದನ್ನು ಬರೆಯುವ ಹೊತ್ತಿಗೆ 45 ದಿನ ಮುಗಿದಿದೆ, ಕೊಳ್ಳುವವರ ಕಡೆಯ ಅನುಮತಿ ಬಾಕಿಯಿದೆ. ಕಿರಿಯ ಮಗನ ಅರ್ಜಿ ಪೊಲೀಸ್ ಪರಿಶೀಲನೆಯ ಹಂತದಲ್ಲಿದೆ. ಕೋವಿಗಳು ಇನ್ನೂ ಡೀಲರ್ ಬಳಿಯಲ್ಲೇ ಇವೆ. ಯಜಮಾನರು ಪೇಟೆಗೆ ಹೋದಾಗ ಅವುಗಳನ್ನು ನೋಡಿ ಬರುತ್ತಾರೆ. ಔಷಧಿ ಮುಂದುವರಿದಿದೆ. ಹೋದ ವರ್ಷ ಮನಸ್ಸು ಕುಸಿದದ್ದು ಮಳೆ ಹಿಡಿದ ಮೇಲೆಯೇ ಆದ್ದರಿಂದ, ಮುಂದಿನ ಭೇಟಿಯನ್ನು ಜೂನ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದೇವೆ, ಆಷಾಢ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಬರಲು ಅವರು ಒಪ್ಪಿದ್ದಾರೆ.